ವೈರಸ್ ಇಟ್ಟಿರುವ ಲ್ಯಾಬಿನ ಬಗ್ಗೆ ಕೇಳುವುದಾದರೆ ಮೊದಲು ಚರಂಡಿ ಬಗ್ಗೆ ಕೇಳಿ

ನಮ್ಮ ಕೊಡಗಿನ ಕುಟ್ಟದಿಂದ ಗಡಿ ದಾಟಿದರೆ ಕೇರಳದ ವಯನಾಡು. ಮಾಕುಟ್ಟದಿಂದ ಇಳಿದರೆ ಕಣ್ಣೂರು. ಕರಿಕೆಯಿಂದ ಮುಂದೆ ಹೋದರೆ ಕಾಸರಗೋಡು ಜಿಲ್ಲೆ. ಹಾಗಾಗಿ ಕೇರಳದಲ್ಲಿ ನಿಫಾ ಬಂದಿದೆ ಅಂತ ಸುದ್ದಿ ಬಂದ ದಿನ ಕೊಡಗಿನಲ್ಲಿ ಯಾರೂ ಅದನ್ನು ಬೇರೆ ರಾಜ್ಯದ ಸುದ್ದಿ ಅಂತ ಓದುವುದಿಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಕಡೆ 17 ಜನ ತೀರಿಕೊಂಡರು. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಜಿಲ್ಲೆಯಲ್ಲಿ ಬಂತು. ಎರಡೂ ಸಲ ನಮ್ಮ ಮನೆಗಳಲ್ಲಿ ಓಡಾಡಿದ ಮಾತು ಒಂದೇ: ಪುಣೆಯ ವೈರಸ್ ಲ್ಯಾಬಿನಿಂದ ರಿಪೋರ್ಟ್ ಬಂತಾ?

ಆ ರಿಪೋರ್ಟಿಗೆ ಕಾಯುವವರೇ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ. ಅಷ್ಟು ಕೆಟ್ಟ ವೈರಸ್ಸನ್ನು ಅಲ್ಲಿ ಇಟ್ಟುಕೊಂಡಿದ್ದಾರಲ್ಲ, ಅದು ಆಚೆ ಬಂದರೆ? ಕೋವಿಡ್ ಆದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಸುಮ್ನೆ ಹೆದರುತ್ತಾರೆ ಅಂತ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಲ್ಯಾಬಿನಿಂದ ರೋಗ ಹೊರಗೆ ಬಂದ ಉದಾಹರಣೆಗಳಿವೆ, ಜನ ಸತ್ತಿದ್ದಾರೆ. ಆದರೆ ಆ ಘಟನೆಗಳನ್ನು ಒಂದೊಂದಾಗಿ ಓದುತ್ತಾ ಹೋದಾಗ ನನಗೆ ಕಂಡಿದ್ದು ಬೇರೆ. ನಾವು ಹೆದರುವುದು ಮೈಕ್ರೋಸ್ಕೋಪಿನ ಮುಂದೆ ಕೂತ ವಿಜ್ಞಾನಿಯ ಬಗ್ಗೆ. ಹಲವು ಸಲ ಎಡವಟ್ಟಾಗಿರುವುದು ಪೈಪಿನಲ್ಲಿ, ಫಿಲ್ಟರಿನಲ್ಲಿ, ಅವಧಿ ಮುಗಿದ ಕ್ರಿಮಿನಾಶಕದಲ್ಲಿ, ಬರೆಯದೇ ಬಿಟ್ಟ ಒಂದು ಸಾಲಿನಲ್ಲಿ.

ಮೊದಲು ಲ್ಯಾಬ್ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ. ಅಪಾಯ ಎಷ್ಟು ಅನ್ನುವುದರ ಮೇಲೆ ಲ್ಯಾಬುಗಳಿಗೆ ನಾಲ್ಕು ಹಂತ ಇದೆ, ಬಿಎಸ್‌ಎಲ್ (ಜೈವಿಕ ಸುರಕ್ಷತಾ ಮಟ್ಟ) 1ರಿಂದ 4ರವರೆಗೆ. ನಮ್ಮೂರಿನ ರಕ್ತ ಪರೀಕ್ಷೆ ಲ್ಯಾಬುಗಳು ಕೆಳಗಿನ ಹಂತದವು. ಗಾಳಿಯಲ್ಲಿ ಹರಡಿ ಗಂಭೀರ ಕಾಯಿಲೆ ತರುವ ಟಿಬಿಯಂಥ ರೋಗಾಣುಗಳನ್ನು ಬೆಳೆಸಿ ಕೆಲಸ ಮಾಡಲು ಮೂರನೇ ಹಂತ ಬೇಕು. ನಾಲ್ಕನೆಯದು ಎಬೋಲಾ, ನಿಫಾದಂಥವುಗಳಿಗೆ, ಅಂದರೆ ಬಂದರೆ ಸಾಯುವ ಸಾಧ್ಯತೆ ಜಾಸ್ತಿ, ಹಲವಕ್ಕೆ ಖಚಿತವಾದ ಔಷಧಿಯಾಗಲಿ ಲಸಿಕೆಯಾಗಲಿ ಇಲ್ಲ ಅನ್ನುವಂಥ ರೋಗಗಳಿಗೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪಾಷಾಣ್ ಆವರಣದಲ್ಲಿ ಅಂಥ ಲ್ಯಾಬ್ 2012ರಲ್ಲಿ ಉದ್ಘಾಟನೆಯಾಯಿತು. ಪ್ರಾಣಿಗಳ ಅಪಾಯಕಾರಿ ರೋಗಗಳಿಗೆ ಭೋಪಾಲದಲ್ಲಿ ಬೇರೆ ಸಂಸ್ಥೆ ಇದೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಈಶಾನ್ಯ ರಾಜ್ಯಗಳಿಗೆ ಬಂದಾಗ ಅದನ್ನು ಖಚಿತ ಮಾಡಿದ್ದು ಭೋಪಾಲದ ಆ ಸಂಸ್ಥೆ. ಹಂದಿ ಸಾಕುವವರು, ಪಂದಿ ಕರಿ ಇಲ್ಲದೆ ಮದುವೆ ಊಟ ಇಲ್ಲ ಅನ್ನುವ ನಾವು ಆ ಸಂಸ್ಥೆಯನ್ನೂ ನೆನಪಿಟ್ಟುಕೊಳ್ಳಬೇಕು.

ನಾಲ್ಕನೇ ಹಂತದ ಲ್ಯಾಬಿಗೆ ಹೋಗುವುದು ಅಂದರೆ ಸಣ್ಣ ಕೆಲಸಕ್ಕೂ ದೊಡ್ಡ ತಯಾರಿ. ಹಾಕಿಕೊಂಡು ಬಂದ ಬಟ್ಟೆಯೆಲ್ಲ ಬಿಚ್ಚಿಡಬೇಕು. ಒಳಗೆ ಹಾಕುವ ಬಟ್ಟೆಯೇ ಬೇರೆ. ಅದರ ಮೇಲೆ ತಲೆಯಿಂದ ಪಾದದವರೆಗೆ ಒಂದೇ ತುಂಡಿನ ದಪ್ಪ ಸೂಟ್. ಹಾಕುವ ಮುಂಚೆ ಅದರಲ್ಲಿ ಗಾಳಿ ತುಂಬಿಸಿ ಎಲ್ಲಾದರೂ ಸೋರುತ್ತಾ ಅಂತ ನೋಡುತ್ತಾರೆ, ಪಂಕ್ಚರ್ ಹಾಕುವವರು ಟ್ಯೂಬ್ ನೋಡಿದ ಹಾಗೆ. ಒಳಗೆ ಹೋದ ಮೇಲೆ ಮೇಲಿನಿಂದ ಇಳಿಬಿಟ್ಟ ಗಾಳಿಯ ಪೈಪನ್ನು ಸೂಟಿಗೆ ಸಿಕ್ಕಿಸಿಕೊಳ್ಳಬೇಕು. ಆ ಗಾಳಿ ಸೂಟನ್ನು ಉಬ್ಬಿಸಿ ಇಡುತ್ತದೆ, ಹಾಗಾಗಿ ಸಣ್ಣ ತೂತು ಬಿದ್ದರೂ ಗಾಳಿ ಹೊರಕ್ಕೆ ಹೋಗುತ್ತದೆಯೇ ಹೊರತು ರೋಗಾಣು ಒಳಕ್ಕೆ ಬರುವುದಿಲ್ಲ. ಕೋಣೆಯಲ್ಲಿ ಇದು ಉಲ್ಟಾ. ಕೋಣೆಯ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ, ಬಾಗಿಲು ತೆರೆದರೆ ಗಾಳಿ ಒಳಕ್ಕೆ ನುಗ್ಗಬೇಕೇ ಹೊರತು ಹೊರಕ್ಕೆ ಬರಬಾರದು. ಹೊರಗೆ ಹೋಗುವ ಗಾಳಿ ಹೆಪಾ ಫಿಲ್ಟರ್ ದಾಟಿಯೇ ಹೋಗಬೇಕು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾದಷ್ಟನ್ನು ಅದು ಹಿಡಿದಿಡುತ್ತದೆ. ಕಸ, ಬಟ್ಟೆ, ಸಲಕರಣೆ ಏನೇ ಆಗಲಿ ಆಟೋಕ್ಲೇವ್ ದಾಟಿ ಹೋಗಬೇಕು. ಅದೊಂದು ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ, ಒಳಗಿನ ಹಬೆ ಸಾಮಾನ್ಯವಾಗಿ 121 ಡಿಗ್ರಿ. ಹೊರಗೆ ಬರುವಾಗ ಸೂಟಿನ ಸಮೇತ ರಾಸಾಯನಿಕ ಸ್ನಾನ, ಆಮೇಲೆ ಮೈಗೆ ಸ್ನಾನ. ಒಳಗೆ ಬಳಸಿದ ನೀರು ಕೂಡ ರೋಗಾಣು ಸತ್ತ ಮೇಲೆಯೇ ಚರಂಡಿ ಸೇರಬೇಕು.

ಇಷ್ಟೆಲ್ಲ ಓದಿದರೆ ಧೈರ್ಯ ಬರುತ್ತದೆ. ಬರಬೇಕಾದ್ದೇ, ಈ ವ್ಯವಸ್ಥೆ ಕೆಲಸ ಮಾಡುತ್ತದೆ. ಆದರೆ ನಾನು ಈಗ ಹೇಳಿದ ಒಂದೊಂದೂ ಯಾರಾದರೂ ದಿನಾ ನೋಡಿಕೊಳ್ಳಬೇಕಾದ ವಸ್ತು. ಫಿಲ್ಟರ್ ಹಳೆಯದಾಗುತ್ತದೆ, ಪೈಪ್ ಸೀಳುತ್ತದೆ, ಕರೆಂಟ್ ಹೋಗುತ್ತದೆ.

ಇಂಗ್ಲೆಂಡಿನ ಪಿರ್‌ಬ್ರೈಟ್‌ನಲ್ಲಿ ಏನಾಯಿತು ನೋಡಿ. 2007ರ ಆಗಸ್ಟ್‌ನಲ್ಲಿ ಅಲ್ಲಿ ಹತ್ತಿರದ ಒಂದು ತೋಟದ ದನಗಳಿಗೆ ಕಾಲುಬಾಯಿ ಜ್ವರ ಬಂತು. ಕಾಲುಬಾಯಿ ಜ್ವರ ಏನು ಅಂತ ನಮ್ಮಲ್ಲಿ ಹಸು ಕಟ್ಟಿದ ಯಾರಿಗೂ ಹೇಳಿಕೊಡಬೇಕಿಲ್ಲ. ಬಾಯಿತುಂಬ ಹುಣ್ಣು, ಜೊಲ್ಲು, ಗೊರಸಿನ ಸಂದಿಯಲ್ಲಿ ಗಾಯ, ಹಾಲು ನಿಂತೇ ಹೋಗುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಆಗ ಆ ರೋಗ ಇರಲಿಲ್ಲ. ತಳಿ ಪರೀಕ್ಷೆ ಮಾಡಿದರೆ, ಅದು ಪಕ್ಕದ ಪಿರ್‌ಬ್ರೈಟ್ ಆವರಣದಲ್ಲಿ ಬಳಸುತ್ತಿದ್ದ ವೈರಸ್ಸೇ. ಆ ಆವರಣದಲ್ಲಿ ಒಂದು ಸಂಶೋಧನಾ ಸಂಸ್ಥೆ, ಒಂದು ಲಸಿಕೆ ಕಂಪನಿ, ಎರಡೂ ಇದ್ದವು. ಎರಡರ ತ್ಯಾಜ್ಯ ನೀರೂ ಕೊನೆಯ ಶುದ್ಧೀಕರಣದ ಜಾಗಕ್ಕೆ ಹೋಗುತ್ತಿದ್ದದ್ದು ನೆಲದಡಿಯ ಹಳೇ ಪೈಪಿನಲ್ಲಿ. ಪೈಪಿನಲ್ಲಿ ಬಿರುಕು, ಮರದ ಬೇರು ಹೊಕ್ಕಿದ ಜಾಗಗಳು, ಸರಿಯಾಗಿ ಮುಚ್ಚದ ಮ್ಯಾನ್‌ಹೋಲ್. ಆ ವರ್ಷ ಜುಲೈಯಲ್ಲಿ ಅಲ್ಲಿ ಭಾರೀ ಮಳೆ. ಪೈಪಿನ ನೀರು ಮೇಲೆ ಉಕ್ಕಿ ಮಣ್ಣಿಗೆ ಸೇರಿತು, ಅದೇ ಸಮಯದಲ್ಲಿ ಅಲ್ಲಿ ಕಟ್ಟಡದ ಕೆಲಸವೂ ನಡೆಯುತ್ತಿತ್ತು, ಲಾರಿಗಳ ಚಕ್ರಕ್ಕೆ ಮೆತ್ತಿದ ಆ ಕೆಸರು ರಸ್ತೆಗೆ ಬಂದು ಅಲ್ಲಿಂದ ದನ ಮೇಯುವ ಜಾಗ ಮುಟ್ಟಿರಬೇಕು ಅನ್ನುವುದು ತನಿಖೆ ಮಾಡಿದವರ ತೀರ್ಮಾನ. ಒಟ್ಟು 8 ತೋಟಗಳಿಗೆ ರೋಗ ಹರಡಿತು.

ಇದರಲ್ಲಿ ನನಗೆ ನಿದ್ದೆಗೆಡಿಸಿದ್ದು ಮಳೆ ಅಲ್ಲ. ಪೈಪ್ ಸರಿಯಿಲ್ಲ ಅಂತ ಮೊದಲೇ ಗೊತ್ತಿತ್ತು. ದುಡ್ಡು ಯಾರು ಕೊಡಬೇಕು ಅನ್ನುವ ಚರ್ಚೆಯಲ್ಲಿ ರಿಪೇರಿ ಮುಂದಕ್ಕೆ ಹೋಗುತ್ತಲೇ ಇತ್ತು. ಪಾಲಾದ ಆಸ್ತಿಯ ನಡುವಿನ ಮೋರಿ ರಿಪೇರಿ ನೋಡಿದವರಿಗೆ ಇದು ಗೊತ್ತು, ಅಲ್ವಾ? ಮೇಲಿನ ತೋಟದವರು ಕೆಳಗಿನವರು ಮಾಡಲಿ ಅಂತಾರೆ, ಕೆಳಗಿನವರು ನೀರು ಬರುವುದು ನಿಮ್ಮ ಕಡೆಯಿಂದ ಅಂತಾರೆ, ಅಷ್ಟರಲ್ಲಿ ಕಕ್ಕಡ ತಿಂಗಳ ಜೋರು ಮಳೆ ಬಂದು ಬರೆ ಕುಸಿದಿರುತ್ತದೆ.

ಫಿಲ್ಟರಿನ ಕಥೆ ಇನ್ನೂ ಭೀಕರ. 1979ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ದ್‌ಲೋವ್‌ಸ್ಕ್ ನಗರದಲ್ಲಿ ಸೇನೆಯ ಒಂದು ಘಟಕದಿಂದ ಆಂಥ್ರಾಕ್ಸ್ ಅನ್ನುವ ಮಾರಕ ರೋಗದ ಕಣಗಳು ಗಾಳಿಗೆ ಸೇರಿದವು. ಕನಿಷ್ಠ 66 ಜನ ಸತ್ತರು. ಗಾಳಿ ಬೀಸಿದ ದಿಕ್ಕಿನಲ್ಲಿ ಸುಮಾರು 50 ಕಿಲೋಮೀಟರ್ ದೂರದ ಹಳ್ಳಿಗಳವರೆಗೂ ಕುರಿ, ದನಗಳು ಸತ್ತವು. ಸೋವಿಯತ್ ಜೈವಿಕ ಅಸ್ತ್ರ ಕಾರ್ಯಕ್ರಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಆಮೇಲೆ ಅಮೆರಿಕಕ್ಕೆ ಹೋದ ಕೆನ್ ಅಲಿಬೆಕ್ ಹೇಳಿದ ಪ್ರಕಾರ ಆಗಿದ್ದು ಇಷ್ಟು. ಕಟ್ಟಿಕೊಂಡ ಫಿಲ್ಟರನ್ನು ಒಬ್ಬರು ಬಿಚ್ಚಿದರು, ಹೊಸದು ಹಾಕಬೇಕು ಅಂತ ಚೀಟಿ ಬರೆದಿಟ್ಟರು, ಆದರೆ ಅಧಿಕೃತ ಪುಸ್ತಕದಲ್ಲಿ ಬರೆಯಲಿಲ್ಲ. ಮುಂದಿನ ಪಾಳಿಯವರು ಪುಸ್ತಕ ನೋಡಿದರು, ಏನೂ ಇರಲಿಲ್ಲ, ಯಂತ್ರ ಚಾಲೂ ಮಾಡಿದರು. ಸರ್ಕಾರ ಏನು ಹೇಳಿತು? ಕೆಟ್ಟ ಮಾಂಸ ತಿಂದು ಸತ್ತರು ಅಂತ. ನಿಜ ಒಪ್ಪಿಕೊಂಡಿದ್ದು 1992ರಲ್ಲಿ, ಬೋರಿಸ್ ಯೆಲ್ತ್ಸಿನ್ ಕಾಲದಲ್ಲಿ. ಅಷ್ಟೂ ವರ್ಷ ಸತ್ತವರ ಮನೆಯವರು ಮಾಂಸದ ಮೇಲೆ ತಪ್ಪು ಹೊರಿಸಿಕೊಂಡು ಬದುಕಿದರು.

2019ರಲ್ಲಿ ಚೀನಾದ ಲಾನ್‌ಜೌ ನಗರದಲ್ಲಿ ಎಡವಟ್ಟಾದದ್ದು ಲ್ಯಾಬಿನಲ್ಲಲ್ಲ, ಜಾನುವಾರು ಲಸಿಕೆ ಕಾರ್ಖಾನೆಯಲ್ಲಿ. ಬ್ರುಸೆಲ್ಲಾ, ಅಂದರೆ ದನ ಕಂದು ಹಾಕುವ ರೋಗ, ಅದರ ಲಸಿಕೆ ಮಾಡುತ್ತಿದ್ದರು. ಅವಧಿ ಮುಗಿದ ಕ್ರಿಮಿನಾಶಕ ಬಳಸಿದ್ದರಿಂದ ಹೊರಗೆ ಬಿಟ್ಟ ಗಾಳಿಯಲ್ಲಿ ಬ್ಯಾಕ್ಟೀರಿಯಾ ಉಳಿದಿತ್ತು. ಹತ್ತು ಸಾವಿರಕ್ಕೂ ಜಾಸ್ತಿ ಜನರಿಗೆ ಸೋಂಕು ತಗುಲಿತು. ಇನ್ನು 2004ರಲ್ಲಿ ಬೀಜಿಂಗ್‌ನ ಲ್ಯಾಬಿನಿಂದ ಸಾರ್ಸ್ ಅನ್ನುವ ಉಸಿರಾಟದ ರೋಗ 9 ಜನರಿಗೆ ಹರಡಿತು, ಅಲ್ಲಿ ಕೆಲಸ ಕಲಿಯುತ್ತಿದ್ದ ವಿದ್ಯಾರ್ಥಿನಿಯ ತಾಯಿ ತೀರಿಕೊಂಡರು. ವೈರಸ್ ಸತ್ತಿದೆ ಅಂದುಕೊಂಡು ಕೆಲಸ ಮಾಡಿದ್ದರು, ಸತ್ತಿದೆಯಾ ಅಂತ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ.

ಕೋವಿಡ್ ಬಗ್ಗೆ ಕೇಳುವವರಿಗೆ ಒಂದೇ ಮಾತು. ಅದು ಪ್ರಾಣಿಯಿಂದ ಬಂತೋ ಲ್ಯಾಬಿನಿಂದ ಬಂತೋ ಇನ್ನೂ ಇತ್ಯರ್ಥ ಆಗಿಲ್ಲ, 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡವೂ ಎರಡು ಸಾಧ್ಯತೆಯನ್ನೂ ಕೈಬಿಡಲಿಲ್ಲ. ಬೇಕಾದ ಮಾಹಿತಿಯನ್ನು ಚೀನಾ ಕೊಟ್ಟಿಲ್ಲ ಅಂತ ಆ ತಂಡವೇ ಹೇಳಿದೆ.

ಹಾಗಾದರೆ ಇಂಥ ಲ್ಯಾಬೇ ಬೇಡ ಅನ್ನೋಣವಾ? ನಾನು ಹಾಗೆ ಹೇಳಲಾರೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಪುಣೆಯಿಂದ ಬಂದವರು ಉಣ್ಣೆ ಹುಳ, ಮಂಗ, ರೋಗಿಗಳ ರಕ್ತ ಎಲ್ಲ ಪರೀಕ್ಷೆ ಮಾಡಿ ಹೊಸ ವೈರಸ್ ಅಂತ ಕಂಡುಹಿಡಿದರು, ಜಗತ್ತಿನ ಪುಸ್ತಕಗಳಲ್ಲೆಲ್ಲ ಇವತ್ತಿಗೂ ಅದಕ್ಕೆ ನಮ್ಮ ಕಾಡಿನದೇ ಹೆಸರು. ಆ ಕೆಲಸ ಮಾಡಿದ ಲ್ಯಾಬ್ ಸಿಬ್ಬಂದಿಗೂ ಜ್ವರ ತಗುಲಿತು, ಒಬ್ಬಿಬ್ಬರಿಗಲ್ಲ. ಆಗ ಇವತ್ತಿನಂಥ ಸೂಟೂ ಇರಲಿಲ್ಲ, ರೋಗಾಣು ಹೊರಗೆ ಬರದಂತೆ ತಡೆಯುವ ಕ್ಯಾಬಿನೆಟ್ಟೂ ಇರಲಿಲ್ಲ. ಕರ್ನಾಟಕದ ಕಾಡಂಚಿನ ಜನಕ್ಕೆ ದಶಕಗಳ ಕಾಲ ಕೊಟ್ಟ ಲಸಿಕೆಯ ಹಿಂದೆ ಅವರ ಜ್ವರವೂ ಇದೆ. ಆ ಲಸಿಕೆಯ ಬಲ ಸಾಲದು ಅಂತ 2022ರಲ್ಲಿ ಕೊಡುವುದು ನಿಂತಿತು, ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. ರೋಗ ಮಾತ್ರ ನಿಂತಿಲ್ಲ. 2012ರ ನಂತರ ಅದು ಬಂಡೀಪುರದ ಕಡೆ, ನೀಲಗಿರಿ, ವಯನಾಡಿನಲ್ಲೂ ಕಾಣಿಸಿಕೊಂಡಿತು. ನಕಾಶೆ ತೆಗೆದು ನೋಡಿದರೆ ನಮ್ಮ ಬ್ರಹ್ಮಗಿರಿ ಬೆಟ್ಟಸಾಲು ಅದರ ಪಕ್ಕದಲ್ಲೇ ಇದೆ. ಸುರಕ್ಷಿತ ಲ್ಯಾಬಿನಲ್ಲಿ ಜೀವಂತ ವೈರಸ್ ಮೇಲೆ ಕೆಲಸ ಮಾಡದೆ ಹೊಸ ಲಸಿಕೆ ಬರುವುದಿಲ್ಲ. ಕಾಡಿಗೆ ಸೌದೆಗೆ ಹೋಗುವ, ತೋಟದಲ್ಲಿ ಕೆಲಸ ಮಾಡುವ ಜನಕ್ಕೆ ಆ ಲ್ಯಾಬ್ ಬೇಕು.

ಬೇಕು ಅಂದಮೇಲೆ ಅದರ ಒಳಗಿನ ಜನರ ಬಗ್ಗೆಯೂ ಯೋಚಿಸಬೇಕು. ನಮ್ಮ ತೋಟದಲ್ಲಿ ಮದ್ದು ಹೊಡೆಯುವ ದಿನಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮಾಸ್ಕ್ ಕೊಡುತ್ತೇವೆ, ಗ್ಲೌಸ್ ಕೊಡುತ್ತೇವೆ. ಬೆಳಿಗ್ಗೆ ಎಂಟಕ್ಕೆ ಎಲ್ಲರ ಮುಖದಲ್ಲೂ ಮಾಸ್ಕ್ ಇರುತ್ತದೆ. ಹನ್ನೊಂದಕ್ಕೆ ಬೆವರು, ಉಸಿರುಗಟ್ಟಿದ ಹಾಗೆ, ಮಾಸ್ಕ್ ಗಲ್ಲದ ಕೆಳಗೆ. ಮಧ್ಯಾಹ್ನ ಅದು ಕಾಫಿ ಗಿಡದ ಕೊಂಬೆಯಲ್ಲಿ ನೇತಾಡುತ್ತಿರುತ್ತದೆ. ಇದು ಸೋಮಾರಿತನ ಅಲ್ಲ, ಮೈ ತಡೆಯುವುದಿಲ್ಲ. ಲ್ಯಾಬಿನ ಸೂಟಿನಲ್ಲೂ ಇರುವುದು ಮನುಷ್ಯರದೇ ಮೈ. ಕೈ ದಪ್ಪ, ಕಿವಿ ಕೇಳಿಸುವುದಿಲ್ಲ, ಸೂಜಿ ಹಿಡಿದರೆ ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ. 2004ರಲ್ಲಿ ರಷ್ಯಾದ ವೆಕ್ಟರ್ ಸಂಸ್ಥೆಯಲ್ಲಿ ಎಬೋಲಾ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ಸೂಜಿ ಚುಚ್ಚಿಕೊಂಡು ಸತ್ತರು. ಹಾಗಾಗಿ ಒಳಗೆ ಎಷ್ಟು ಹೊತ್ತು ಕೆಲಸ ಮಾಡಿಸುತ್ತಾರೆ, ಜೊತೆಗೆ ಇನ್ನೊಬ್ಬರು ಇರುತ್ತಾರಾ, ಚುಚ್ಚಿಕೊಂಡೆ ಅಂತ ಹೇಳಿದರೆ ಕೆಲಸ ಹೋಗುತ್ತದಾ, ಇವೆಲ್ಲ ಗೋಡೆಯಷ್ಟೇ ಮುಖ್ಯ. ಗುತ್ತಿಗೆ ಮೇಲೆ ಇರುವ, ಮುಂದಿನ ತಿಂಗಳು ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದ ಹುಡುಗ ತನ್ನ ತಪ್ಪನ್ನು ತಾನೇ ಬಂದು ಹೇಳುತ್ತಾನಾ? ನನಗೆ ನಂಬಿಕೆ ಇಲ್ಲ.

ಲ್ಯಾಬಿಗೆ ಹೋಗುವ ಮುಂಚಿನ ದಾರಿಯೂ ಇದೆ. ಕೆಲವು ವರ್ಷದ ಹಿಂದೆ ನಮ್ಮ ತೋಟದ ಕೆಲಸದವರ ಲೈನ್ ಮನೆಯ ಒಬ್ಬರಿಗೆ ಜೋರು ಜ್ವರ, ಕಣ್ಣು ಕೆಂಪು, ಮೈಕೈ ನೋವು. ಅವರ ಅಣ್ಣ, ನಾನು ಇಬ್ಬರೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದು, ಟ್ಯೂಬಿಗೆ ಒಂದು ಬಿಳಿ ಪಟ್ಟಿ ಅಂಟಿಸಿ, ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಅಣ್ಣನ ಕೈಗೇ ಕೊಟ್ಟರು. ದೊಡ್ಡ ಲ್ಯಾಬಿಗೆ ನೀವೇ ತಲುಪಿಸಿ ಅಂದರು. ಆತ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ತುಂಬಿದ ಬಸ್ಸು ಹತ್ತಿದರು. ಪುಣ್ಯಕ್ಕೆ ಅದು ಇಲಿ ಜ್ವರ ಅಂತ ಗೊತ್ತಾಗಿ ವಾಸಿಯಾಯಿತು. ಆ ಜೇಬು ಮಾತ್ರ ನನ್ನ ಕಣ್ಣಿಂದ ಹೋಗಿಲ್ಲ.

ಸರಿಯಾಗಿ ಕಳಿಸುವುದು ಕಷ್ಟವೇನಲ್ಲ. ಮೂರು ಪದರ ಬೇಕು. ರಕ್ತದ ಟ್ಯೂಬ್ ಬಿಗಿಯಾಗಿ ಮುಚ್ಚಿರಬೇಕು. ಅದರ ಸುತ್ತ, ಒಡೆದರೂ ಪೂರ್ತಿ ಹೀರಿಕೊಳ್ಳುವಷ್ಟು ಹತ್ತಿ, ಆಮೇಲೆ ನೀರು ಸೋರದ ಎರಡನೇ ಡಬ್ಬಿ. ಅದನ್ನು ಐಸ್ ಪ್ಯಾಕ್ ಜೊತೆ ಬಿದ್ದರೂ ಒಡೆಯದ ಗಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು. ಹೊರಗೆ ಹೆಸರು, ಫೋನ್ ನಂಬರ್, ಅಪಾಯದ ಗುರುತು. ಕೋವಿಡ್ ಕಾಲದಲ್ಲಿ ಇದು ನಮ್ಮ ಆರೋಗ್ಯ ಸಿಬ್ಬಂದಿಗೆಲ್ಲ ಅಭ್ಯಾಸವಾಯಿತು. ಆ ಅಭ್ಯಾಸ ಸಾಮಾನ್ಯ ಜ್ವರದ ಸ್ಯಾಂಪಲ್‌ಗೂ ಉಳಿಯಬೇಕು, ಯಾಕೆಂದರೆ ನಿಫಾ ಬಂದವರು ಮೊದಲ ದಿನ ಬರುವುದು ಸಾಮಾನ್ಯ ಜ್ವರ ಅಂತಲೇ.

ಪುಣೆ ದೂರ, ಹತ್ತಿರದಲ್ಲೇ ಲ್ಯಾಬ್ ಇದ್ದರೆ ಒಳ್ಳೆಯದು ಅನ್ನುವ ಬೇಡಿಕೆ ಮಲೆನಾಡಿನಲ್ಲಿ ಹಳೆಯದು, ನ್ಯಾಯವಾದದ್ದು ಕೂಡ. 2018ರಲ್ಲಿ ನಿಫಾವನ್ನು ಮೊದಲು ಗುರುತಿಸಿದ್ದು ಮಣಿಪಾಲದ ಲ್ಯಾಬ್, ಖಚಿತ ಮಾಡಿದ್ದು ಪುಣೆ. 2023ರಲ್ಲಿ ಬಸ್ಸಿನೊಳಗೆ ಕಟ್ಟಿದ ಮೂರನೇ ಹಂತದ ಸಂಚಾರಿ ಲ್ಯಾಬೇ ಕೋಯಿಕ್ಕೋಡಿಗೆ ಬಂತು. ಬೆಂಗಳೂರು ಸೇರಿ ನಾಲ್ಕು ಕಡೆ ವೈರಾಣು ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳ ಯೋಜನೆಯೂ ಇದೆ. ಆದರೆ ಮಳೆ ನಾಡಿನಲ್ಲಿ ಇಂಥದ್ದನ್ನು ಕಟ್ಟುವುದಾದರೆ ಮಳೆ ನಾಡಿನ ಲೆಕ್ಕದಲ್ಲೇ ಕಟ್ಟಬೇಕು. 2018ರ ಆಗಸ್ಟ್ ನಮಗೆಲ್ಲ ನೆನಪಿದೆ. ಜೋಡುಪಾಲದಲ್ಲಿ ರಸ್ತೆಯೇ ಇರಲಿಲ್ಲ, ಮಕ್ಕಂದೂರು ಕಡೆ ಬೆಟ್ಟಗಳೇ ಜಾರಿದವು, ಎಷ್ಟೋ ಊರಿಗೆ ದಿನಗಟ್ಟಲೆ ಕರೆಂಟ್ ಇಲ್ಲ, ಡೀಸೆಲ್ ತರುವುದಕ್ಕೆ ದಾರಿ ಇಲ್ಲ. ಒಳಗಿನ ಗಾಳಿಯ ಒತ್ತಡ ಕಾಯುವ ಫ್ಯಾನು ಓಡುವುದು ಕರೆಂಟಿನಲ್ಲಿ. ಅಮೆರಿಕದ ಸೇನೆಯ ಫೋರ್ಟ್ ಡೆಟ್ರಿಕ್ ಲ್ಯಾಬ್ ಎಷ್ಟು ದುಡ್ಡಿನದ್ದು, ಎಷ್ಟು ಕಾವಲಿನದ್ದು. 2018ರ ಮೇ ತಿಂಗಳ ಮಳೆಗೆ ಅಲ್ಲಿ ತ್ಯಾಜ್ಯ ನೀರನ್ನು ಹಬೆಯಿಂದ ಶುದ್ಧ ಮಾಡುವ ಘಟಕ ಹಾಳಾಯಿತು. ಬದಲಿಗೆ ರಾಸಾಯನಿಕ ವ್ಯವಸ್ಥೆ ಹಾಕಿದರು, ಅದರಲ್ಲಿ ತೊಂದರೆ ಕಂಡಿತು, 2019ರಲ್ಲಿ ತಪಾಸಣೆ ಮಾಡಿದವರು ಅಪಾಯಕಾರಿ ರೋಗಾಣುಗಳ ಮೇಲಿನ ಸಂಶೋಧನೆಯನ್ನೇ ನಿಲ್ಲಿಸಿಬಿಟ್ಟರು. ಹೊರಗೆ ಯಾರಿಗೂ ರೋಗ ಬರಲಿಲ್ಲ, ಯಾಕೆಂದರೆ ನಿಲ್ಲಿಸುವ ಅಧಿಕಾರ ಇದ್ದವರು ನಿಲ್ಲಿಸಿದರು.

ನಮ್ಮಲ್ಲಿ ಇದಕ್ಕೆ ನಿಯಮ ಇಲ್ಲ ಅಂತ ಅಲ್ಲ. ಪರಿಸರ ಕಾಯ್ದೆಯಡಿ 1989ರಲ್ಲೇ ಅಪಾಯಕಾರಿ ಸೂಕ್ಷ್ಮಜೀವಿಗಳ ಬಗ್ಗೆ ನಿಯಮ ಬಂದಿದೆ, ಸಂಸ್ಥೆಗಳಲ್ಲಿ ಜೈವಿಕ ಸುರಕ್ಷತಾ ಸಮಿತಿಗಳಿವೆ. ನನ್ನ ತಕರಾರು ಬೇರೆ. ಸಣ್ಣ ತಪ್ಪುಗಳ ಲೆಕ್ಕ ಜನರ ಮುಂದೆ ಬರಬೇಕು. ಕೆನಡಾದಲ್ಲಿ 2015ರ ಕೊನೆಯಿಂದ ಇಂಥ ಲೈಸೆನ್ಸ್ ಇರುವ ಲ್ಯಾಬುಗಳು ಸಿಬ್ಬಂದಿಗೆ ರೋಗಾಣು ತಗುಲಿದ ಘಟನೆಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು, ಆ ಅಂಕಿಅಂಶವನ್ನು ವರ್ಷವರ್ಷವೂ ಪ್ರಕಟಿಸುತ್ತಾರೆ. ಸೂಜಿ ಚುಚ್ಚಿದ್ದೆಷ್ಟು, ಚೆಲ್ಲಿದ್ದೆಷ್ಟು, ಕಾರಣ ಏನು, ಎಲ್ಲ. ಅದರಿಂದ ಅಲ್ಲಿನ ಜನ ಗಾಬರಿಯಾಗಿ ಲ್ಯಾಬ್ ಮುಚ್ಚಿಸಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ 2014ರ ಜೂನ್‌ನಲ್ಲಿ ಸರಿಯಾಗಿ ಸಾಯದ ಆಂಥ್ರಾಕ್ಸ್ ಬೇರೆ ಲ್ಯಾಬಿಗೆ ಹೋಗಿ 80ಕ್ಕೂ ಜಾಸ್ತಿ ಸಿಬ್ಬಂದಿಗೆ ತಗುಲಿರಬಹುದು ಅಂತ ಆದಾಗ, ಸಂಸ್ಥೆಯೇ ಅದನ್ನು ಹೊರಗೆ ಹೇಳಿತು, ಲ್ಯಾಬ್ ಮುಚ್ಚಿತು, ಎಲ್ಲಿ ತಪ್ಪಿತು ಅಂತ ವರದಿ ಹಾಕಿತು. ಯಾರೂ ಸಾಯಲಿಲ್ಲ. ಸ್ವೆರ್ದ್‌ಲೋವ್‌ಸ್ಕ್‌ನಲ್ಲಿ ಮೊದಲ ದಿನವೇ ನಿಜ ಹೇಳಿದ್ದರೆ ಸರಿಯಾದ ಆ್ಯಂಟಿಬಯೋಟಿಕ್ ಬೇಗ ಸಿಕ್ಕಿ ಒಂದಷ್ಟು ಜೀವ ಉಳಿಯುತ್ತಿತ್ತು.

ಹಾಗಾಗಿ ನಾಳೆ ಮೈಸೂರು, ಹಾಸನ, ಮಂಗಳೂರು, ಮಡಿಕೇರಿ ಎಲ್ಲೇ ಆಗಲಿ, ಹತ್ತಿರದಲ್ಲಿ ಇಂಥ ಲ್ಯಾಬ್ ಬರುತ್ತದೆ ಅಂತಾದರೆ ನಾನು ಸಭೆಗೆ ಹೋಗಿ ಬೇಡ ಅನ್ನುವುದಿಲ್ಲ. ತ್ಯಾಜ್ಯ ನೀರಿನ ಪೈಪಿನ ನಕ್ಷೆ ತೋರಿಸಿ ಅನ್ನುತ್ತೇನೆ. ಅದು ಯಾವ ತೋಡಿನ ಪಕ್ಕ ಹೋಗುತ್ತದೆ, ಆ ತೋಡು ಆಗಸ್ಟಿನಲ್ಲಿ ಎಷ್ಟು ಮೇಲೆ ಬರುತ್ತದೆ ಅಂತ ಆ ಊರಿನವರನ್ನು ಕೇಳಿದ್ದೀರಾ ಅನ್ನುತ್ತೇನೆ. ರಸ್ತೆ ಕಡಿದುಹೋದರೆ ಎಷ್ಟು ದಿನದ ಡೀಸೆಲ್ ಒಳಗಿರುತ್ತದೆ, ಫಿಲ್ಟರ್ ಬದಲಾಯಿಸುವವರು ಕಾಯಂ ನೌಕರರಾ, ರಿಪೇರಿಗೆ ಅಂತ ಪ್ರತಿ ವರ್ಷ ಬೇರೆಯೇ ದುಡ್ಡು ಇಟ್ಟಿದ್ದೀರಾ, ಹೊರಗಿನಿಂದ ತಪಾಸಣೆಗೆ ಬರುವವರ ವರದಿ ಕನ್ನಡದಲ್ಲಿ ನಮ್ಮ ಪಂಚಾಯಿತಿ ಬೋರ್ಡಿಗೆ ಬರುತ್ತದಾ ಅಂತ ಕೇಳುತ್ತೇನೆ. ಕಟ್ಟಡದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಹತ್ತು ವರ್ಷ ಆದ ಮೇಲೆ ಆ ಪೈಪಿಗೆ ಕ್ಯಾಮೆರಾ ಇಳಿಸಿ ನೋಡುವವರು ಯಾರು, ಅವರ ಹೆಸರು ಯಾವ ಪುಸ್ತಕದಲ್ಲಿ ಬರೆದಿದೆ, ಅದನ್ನು ಶಂಕುಸ್ಥಾಪನೆಯ ದಿನವೇ ತೋರಿಸಲಿ.